ಬಲಾಟ್, ಭಾನುವಾರ ಹತ್ತು ಗಂಟೆ

ಹಳದಿ ಕೊಡೆ ನನ್ನದು. ಬಿಸಿಲಿರಲಿ ಮೋಡವಿರಲಿ, ಎತ್ತಿ ಹಿಡಿದಿರುತ್ತೇನೆ.
ಹಿಂದೆ ಹದಿನಾಲ್ಕು ಜನ, ಹದಿನಾಲ್ಕು ಟೋಪಿ.
ದೋಣಿಗಟ್ಟೆಯಿಂದ ಶುರು:
ನೋಡಿ, ಇದು ಇಸ್ತಾಂಬುಲಿನ ಹಳೆಯ ಯೆಹೂದಿ ಕೇರಿ
ಎಂದು ಬಾಯಿ ತಾನಾಗಿ ಹೇಳಿಕೊಂಡು ಹೋಗುತ್ತದೆ
ಮಗ್ಗಿ ಒಪ್ಪಿಸಿದ ಹಾಗೆ.

ಸ್ಪೇನಿನಿಂದ ಅಟ್ಟಿದಾಗ ಬಂದವರು.
ಐನೂರು ವರ್ಷ ಅಟ್ಟಿದವರ ಭಾಷೆಯಲ್ಲೇ ಮಕ್ಕಳನ್ನು ತೂಗಿದರು,
ಅದರಲ್ಲೇ ಸಾಲದ ಲೆಕ್ಕ ಬರೆದರು,
ಅದರಲ್ಲೇ ಬೈದಾಡಿದರು.

ಇಲ್ಲಿ ಎಲ್ಲರೂ ಫೋಟೋ ತೆಗೆಯುತ್ತಾರೆ.
ಬಣ್ಣದ ಮನೆ, ಮನೆಯಿಂದ ಮನೆಗೆ ಹಗ್ಗ,
ಹಗ್ಗದ ಮೇಲೆ ಸಕೀನೆಯ ಗಂಡನ ಬನಿಯನ್ನು.
ಆಕೆ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು
ಕೆಳಗಿನ ಅಂಗಡಿಗೆ ಕೂಗುತ್ತಾಳೆ: ಎರಡು ಬ್ರೆಡ್ಡು, ಒಂದು ಕಟ್ಟು ಸೊಪ್ಪು!
ಅದಕ್ಕೂ ಚಪ್ಪಾಳೆ.

ಹನ್ನೊಂದನೇ ನಂಬರು. ಚೌಕಟ್ಟಿನ ಬಲಗಡೆ, ಭುಜದೆತ್ತರಕ್ಕೆ
ನೆಟ್ಟಗೆ ಒಂದು ಗಾಯ, ನಾಲ್ಕು ಬೆರಳುದ್ದ.
ಪ್ರಾರ್ಥನೆಯ ಸುರುಳಿ ಇಟ್ಟ ಪುಟ್ಟ ಡಬ್ಬಿ ಇದ್ದ ಜಾಗ.
ಎಷ್ಟು ಸಲ ಬಣ್ಣ ಬಳಿದರೂ ತುಂಬಿಕೊಳ್ಳುವುದಿಲ್ಲ.
ಮುಟ್ಟಬಹುದೇ? ಮುಟ್ಟಿ.
ಈ ಬಾಗಿಲು ನನ್ನದೇ ಎಂದು ನಾನು ಹೇಳುವುದಿಲ್ಲ.
ಕಸ್ತಮೋನುವಿನಿಂದ ನನ್ನಜ್ಜ ಒಂದು ಟ್ರಂಕು, ಎರಡು ಕಂಬಳಿ ಹೊತ್ತು ಬಂದು
ಅಗ್ಗಕ್ಕೆ ಕೊಂಡದ್ದು. ಎಷ್ಟು ಅಗ್ಗಕ್ಕೆ
ಎಂಬುದು ನಮ್ಮ ಮನೆಯಲ್ಲಿ ಯಾರೂ ಆಡದ ಮಾತು.

ಅವತ್ತು ಪಟ್ಟಿಯ ಕೊನೆಯಲ್ಲಿ ಯೋಮ್ತೋವ್ ಕಾಮ್ಹಿ, ಊರು ಬಾತ್ ಯಾಮ್.
ದಾರಿಯುದ್ದಕ್ಕೂ ಒಂದು ಪ್ರಶ್ನೆ ಕೇಳದ ಮುದುಕ
ಇಲ್ಲಿ ನಿಂತು ಮೆಲ್ಲಗೆ ಅಂದ:
ಮಗಳೇ, ಪಾಯಿಖಾನೆ ಎಲ್ಲಾದರೂ...
ವಯಸ್ಸಾದವರು. ಬಾಗಿಲು ತೆರೆದೆ.
ಮೇಲೆ, ಎನ್ನುವಷ್ಟರಲ್ಲಿ ಮೆಟ್ಟಿಲ ಮೇಲಿದ್ದ.

ಒಂಬತ್ತನೇ ಮೆಟ್ಟಿಲು, ತಿರುವಿನಲ್ಲಿ, ತಲೆ ಬಗ್ಗಿಸಿದ.

ಅಲ್ಲಿ ಏನೂ ಇಲ್ಲ.

ಇತ್ತಂತೆ, ಒಂದು ತೊಲೆ. ನಾನು ಹುಟ್ಟುವ ಮುಂಚೆ
ಅಪ್ಪ ಗರಗಸ ತಂದು ಕೊಯ್ದು ಒಲೆಗೆ ಹಾಕಿದ್ದ.
ಅವನ ಹಣೆಯ ಕಲೆಯೊಂದೇ ಅದರ ಗುರುತು.
ಈ ಮನೆ ಬಿಟ್ಟಾಗ ಮುದುಕನಿಗೆ ಎಷ್ಟಿದ್ದೀತು? ಏಳು? ಎಂಟು?
ತೊಲೆ ತಾಗುವ ಎತ್ತರವಲ್ಲ.
ಮುಂದೆ ಹತ್ತುತ್ತಿದ್ದ ತನ್ನಪ್ಪನ ಬೆನ್ನು ನೋಡಿ ನೋಡಿ
ಬಗ್ಗುವುದನ್ನು ಕಲಿತಿರಬೇಕು.

ನೀರು ಸುರಿದ ಸದ್ದು.
ಕರವಸ್ತ್ರದಲ್ಲಿ ಕೈ ಒರೆಸುತ್ತಾ ಇಳಿದು ಬಂದ.
ಇಳಿಯುವಾಗಲೂ ಬಗ್ಗಿದನೇ, ಗೊತ್ತಿಲ್ಲ,
ಬೇಕೆಂದೇ ಬೀದಿಯ ಕಡೆ ಮುಖ ಮಾಡಿದ್ದೆ.
ನಲ್ಲಿಯಲ್ಲಿ ಈಗಲೂ ನೀರು ಸಣ್ಣ, ಅಂದ.
ಆ 'ಈಗಲೂ' ಅವನಿಗೂ ಕೇಳಿಸಿತು, ನನಗೂ.

ಹೊರಗೆ ಹದಿಮೂರು ಜನ, ಅವರ ಕಾಲಿಗೆ ಮೈ ತಿಕ್ಕುವ ಒಂದು ಬೆಕ್ಕು.
ಯಾರೋ ಕೇಳಿದರು: ಇಲ್ಲಿ ಈಗ ಯೆಹೂದಿಗಳು ಇದ್ದಾರೆಯೇ?
ಉತ್ತರ ಪ್ರತಿ ಭಾನುವಾರ ನಾಲಗೆಯ ತುದಿಯಲ್ಲೇ ಇರುತ್ತದೆ.
ಅವತ್ತು ಕೊಡೆ ಬಿಚ್ಚುವ ನೆಪದಲ್ಲಿ
ಸ್ವಲ್ಪ ಹೊತ್ತು ತೆಗೆದುಕೊಂಡೆ.
ಕಡ್ಡಿ ನಿಜವಾಗಿಯೂ ಸಿಕ್ಕಿಕೊಂಡಿತು.
ಅವನೇ ಬಂದು ಬಿಡಿಸಿಕೊಟ್ಟ.