ಬಂದವರಿಗೆ ಮೊದಲು ನೀರು

ಮಾರ್ಚಿ ಮುಗಿಯುವ ಮೊದಲೇ ಮಾರಾದಿಯ ಈಚೆ
ನೆರಳೂ ಸುಡತೊಡಗುತ್ತದೆ. ಸಹಾರದ ಗಾಳಿ.
ಬೇವಿನ ಬುಡದ ಹರವಿಯೊಂದೇ ತಣ್ಣಗೆ
ಒದ್ದೆ ಮರಳಲ್ಲಿ ಕುಂಡಿಯೂರಿ ಕೂತಿದೆ, ನನ್ನ ಹಾಗೆ.

ದೂರದಿಂದ ಬಂದವರಿಗೆ ಮೊದಲು ನೀರು,
ಆಮೇಲೆ ಹೆಸರು, ಆಮೇಲೆ ಸುದ್ದಿ.
ಇದು ನಮ್ಮಲ್ಲಿ ಒಂಟೆಗೂ ಗೊತ್ತು.
ಒಂಬತ್ತು ತಿಂಗಳು ಕತ್ತಲಲ್ಲಿ ನಡೆದು ಬಂದವನಿಗೆ
ಒಂದು ಗುಟುಕು ಇಲ್ಲವೆನ್ನುವುದು ಯಾವ ಸೀಮೆಯ ನ್ಯಾಯ?

ಸೊಸೆ ದೇಲು ಅನ್ನುತ್ತಾಳೆ: ಬೇಡ ಅತ್ತೆ,
ಆರು ತಿಂಗಳು ಎದೆಹಾಲೊಂದೇ,
ಹಾಲಲ್ಲೇ ನೀರಿದೆಯಂತೆ.
ಅಂತೆ! ಆಸ್ಪತ್ರೆಯ ಅಬ್ಸಾತು ತಂದ ಅಂತೆ.
ಆ ಹುಡುಗಿಯ ಹೊಕ್ಕುಳಬಳ್ಳಿ ಕೊಯ್ದವಳೇ ನಾನು.

ಹಲಗೆಯ ಮೇಲೆ ಬರೆದ ದೇವರ ಮಾತು ತೊಳೆದ
ಮಸಿನೀರು ಬೇಡಿ ತಂದೆ. ಬೇಡ.
ಬೇರು ಕುದಿಸಿದೆ. ಬೇಡ.
ನೋಡಿಲ್ಲಿ, ಲವಾಲಿಯ ನಾಲಿಗೆ ಒಣಗಿದೆ ಅಂದೆ.
ಮಾತಿಗೆ ಮಾತು ಕೊಡದೆ ಕುಪ್ಪಸ ಸರಿಸಿದಳು,
ಬೆಳಗಿನಿಂದ ಅದೆಷ್ಟನೆಯ ಸಲವೋ.

ರಾತ್ರಿ ಅಂಗಳದ ಚಾಪೆಯಲ್ಲಿ ನಿದ್ದೆ ಹತ್ತದು.
ಸಜ್ಜೆ ಅಳೆದಂತೆ ಲೆಕ್ಕ ಹಾಕುತ್ತೇನೆ.
ಏಳು ಹೆತ್ತೆ. ಏಳಕ್ಕೂ ಮೊದಲ ದಿನವೇ ನೀರು,
ಈ ಸೋರೆಬುರುಡೆಯಿಂದಲೇ,
ಹರವಿಯ ತಳ ಕದಡದಂತೆ ಮೆಲ್ಲಗೆ ಮೊಗೆದು.
ನಾಲ್ಕು ಉಳಿದವು.
ತಾಲಾತು ಹನ್ನೊಂದನೆಯ ದಿನ ತೆಳ್ಳಗೆ ಹೋಗಿ ಹೋಗಿ
ಬಿಸಿಲಿಗೆ ಹರವಿದ ಬೆಂಡೆಕಾಯಂತೆ ಸುಕ್ಕಿದಳು.
ಗಾಳಿ ಸೋಕಿದೆ ಅಂದರು ಎಲ್ಲರೂ.
ನಾನೂ ಅಂದೆ.

ದೇಲುವಿನ ಮಾತು ನಿಜವಾದರೆ...
ಬೇಡ, ಅದು ಸುಳ್ಳಾಗಿರಲಿ.
ಸುಳ್ಳಾಗಬೇಕಾದರೆ ಈ ಮಗು ಸೊರಗಬೇಕು.
ಅದೂ ಬೇಡ.

ಮೂರನೆಯ ತಿಂಗಳು. ತೊಡೆಯಲ್ಲಿ ಮಡಿಕೆ ಬಿದ್ದಿವೆ,
ಮಡಿಕೆಯೊಳಗೆ ಮರಳು. ಒರೆಸುತ್ತಿದ್ದೆ,
ಹೊಯ್ದುಬಿಟ್ಟ ನನ್ನ ಮೇಲೆ, ಬಾವಿಹಗ್ಗದಷ್ಟು ಉದ್ದ!
ಎಲ್ಲಿಂದ ಬಂತೋ ಕಳ್ಳಾ ಇಷ್ಟು ನೀರು,
ಒಂದು ಹನಿ ಕುಡಿಯದವನಿಗೆ?

ಅತ್ತ ದೇಲು ಕುಟ್ಟುತ್ತಿದ್ದಳು.
ಒನಕೆ ಏರಿದಾಗ ಕತ್ತಿನ ನರ ಎದ್ದು ಕಾಣುತ್ತಿತ್ತು.
ತುಟಿ ಬಿರಿದು ರಕ್ತ ಕರೆಗಟ್ಟಿತ್ತು.
ಇಷ್ಟು ದಿನ ನಾನು ಯಾರ ಬಾಯಿ ನೋಡುತ್ತಿದ್ದೆ?

ಬುರುಡೆ ತುಂಬಿಸಿ ತಂದೆ.
ಅವಳ ಕಣ್ಣು ಹೆದರಿ ಮಗುವಿನ ಕಡೆ ಓಡಿತು.
ನಿನಗೆ, ಅಂದೆ. ಒನಕೆ ಇಲ್ಲಿ ಕೊಡು.
ಒಂದೇ ಉಸಿರಿಗೆ ಕುಡಿದಳು, ಗಲ್ಲದಿಂದ ಎದೆಗೆ ಇಳಿಯಿತು.
ಇನ್ನೊಂದು, ಅಂದಳು.

ಮೂರನೆಯದಕ್ಕೆ ಹರವಿ ಬಾಗಿಸಬೇಕಾಯಿತು.
ತಳದ ಕೆಂಪು ಕದಡಿ ಮೇಲೆದ್ದು ಬಂತು.
ನೋಡುತ್ತ ನಿಂತೆ ತುಸು ಹೊತ್ತು.
ಬೇವಿನ ಬುಡಕ್ಕೆ ಸುರಿದೆ,
ಯಾರ ಹೆಸರನ್ನೂ ಹೇಳದೆ.