ಸೊನ್ನೆಯ ಎಡಕ್ಕೆ

ಭೋಸರಿಯ ಕಾರ್ಖಾನೆಗಳ ಹಿಂದೆ, ತಗಡಿನ ಮಾಡಿನಡಿ
ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದ ಹಾಗೆ
ಬಾನೆಟ್ಟು ಎತ್ತಿ ನಿಂತಿದೆ
ನನ್ನ ಹನ್ನೊಂದು ವರ್ಷದ ಕಾರು.

ಕೈಯಲ್ಲಿ ಹೊಸ ಡಬ್ಬಿ. ಒಳಗೆ ಅಂಗೈಯಗಲದ ಗಾಜಿನ ಮುಖ:
ಎಡಕ್ಕೆ ಮೈನಸ್ಸು, ಬಲಕ್ಕೆ ಪ್ಲಸ್ಸು, ನಡುವೆ ಸೊನ್ನೆ.
"ಪೆಟ್ರೋಲ್ ಎಷ್ಟದ ಅಂತ ಹೇಳತದೇನು?" ಕೇಳಿದ್ದಳು ಮಹಾನಂದಾ.
ಇಲ್ಲ.
"ಎಷ್ಟು ಜೋರು ಹೊಂಟೀವಿ ಅಂತ?"
ಅದೂ ಇಲ್ಲ.
"ಮತ್ತ ಎರಡೂವರಿ ಸಾವಿರ ಯಾತಕ್ಕ?"
ಗಾಳಿಗೆ, ಅಂದೆ.
ಅವಳು ಟೈರು ಅಂಗಡಿಯಲ್ಲಿ ಲೆಕ್ಕ ಬರೆಯುವವಳು.
ಅಲ್ಲಿ ಗಾಳಿಗೆ ಗಾಲಿಯೊಂದಕ್ಕೆ ಹತ್ತು ರೂಪಾಯಿ.

ಥ್ರಾಟಲ್ ದಾಟಿದ ಮೇಲೆ ಪೆನ್ಸಿಲ್ ದಪ್ಪದ ಒಂದು ಕೊಳವೆ.
ಅದನ್ನು ಕತ್ತರಿಸಿ, ನಡುವೆ ಹಿತ್ತಾಳೆಯ ಟೀ ಕೂಡಿಸಿದರು
ಯಾಕೂಬ್ ಬಾಗವಾನ್.
(ರಾತ್ರಿ ಪಾಳಿಯಲ್ಲಿ, ಸೂಪರ್‌ವೈಜರ್ ಚಹಾಕ್ಕೆ ಹೋದಾಗ
ನನ್ನದೇ ಲೇತಿನಲ್ಲಿ ತಿರುವಿದ್ದು ಆ ಟೀ.)
ಎಂಜಿನ್ನಿಗೂ ನಮ್ಮ ಮೊಣಕಾಲಿಗೂ ನಡುವಿನ ಕಬ್ಬಿಣದ ಗೋಡೆಯಲ್ಲಿ
ಒಂದು ರಬ್ಬರು ಕಂಡಿ;
ಸೈಕಲ್ಲಿನ ಕಡ್ಡಿಗೆ ಕಟ್ಟಿ ಹೊಸ ಕೊಳವೆ ತೂರಿಸಿದರು, ಮೆಲ್ಲಗೆ,
ಮತ್ತೆ ಮತ್ತೆ ಅದೇ ಮಾತು:
ಕೊಳವೆ ಮಡಚಿತೋ, ಮುಳ್ಳು ಸುಳ್ಳು.

ಚಾವಿ ತಿರುವುವ ಮುಂಚೆ ಮುಳ್ಳು ಸೊನ್ನೆಯಲ್ಲಿತ್ತು.
ಸೊನ್ನೆ ಅಂದರೆ ಖಾಲಿ ಅಂತಲೇ ಕಲಿತವನು ನಾನು.
ಅಲ್ಲವಂತೆ.
ಒಳಗಿನ ಗಾಳಿ, ಹೊರಗಿನ ಗಾಳಿ ಸಮ, ಅಷ್ಟೇ.
ತಗಡಿನ ಮೇಲೆ, ಕಾಗೆಯ ಮೇಲೆ, ಯಾಕೂಬರ ಎಣ್ಣೆ ಟೊಪ್ಪಿಗೆಯ ಮೇಲೆ
ಯಾರೂ ಹೊತ್ತಿದ್ದೇವೆ ಅಂದುಕೊಳ್ಳದ ಆ ಭಾರ,
ಅದರ ಹೆಸರು ಸೊನ್ನೆ.

"ಆತಾ ಬಘಾ," ಅಂದರು.
ಚಾಲೂ ಆದದ್ದೇ ತಡ, ಮುಳ್ಳು ಎಡಕ್ಕೆ ಬಿತ್ತು,
ನಡುಗಿತು, ನಿಂತಿತು.
ನಿಂತಲ್ಲೇ ಉಸಿರು ಒಳಗೆಳೆದು ಹಿಡಿದಿತ್ತು ನನ್ನ ಕಾರು.

ಆ ವಾರವಿಡೀ ಹಿಡಿದೇ ಇತ್ತು.
ನಾಶಿಕ್ ಫಾಟಾ, ಖಡಕಿ, ಶಿವಾಜಿನಗರ,
ಬಸ್ಸಿನ ಹಿಂದೆ ಬಸ್ಸು, ಬ್ರೇಕಿನ ಮೇಲೆ ಬ್ರೇಕು.
ಟರ್ಬೋ ಅಂತ ಹೆಚ್ಚು ದುಡ್ಡು ತೆತ್ತು ತಂದವನು
ದಿನಾ ಕೆಲಸಕ್ಕೆ ಹೋಗಿ ಬಂದೆ
ಸೊನ್ನೆಯ ಎಡಕ್ಕೆ.

ಭಾನುವಾರ ಕಾತ್ರಜ್ ಘಾಟು.
ಕಾಲೊತ್ತಿದೆ. ಒಂದು ಮಾತಿನಷ್ಟು ತಡ.
ಮುಳ್ಳು ಎದ್ದಿತು, ಸೊನ್ನೆ ದಾಟಿತು, ಮೂರರ ಹತ್ತಿರ ನಿಂತುಬಿಟ್ಟಿತು.
ಎಲ್ಲಿಂದಲೋ ಉಸ್ಸ್ ಅಂತ ಸದ್ದು.
ನನಗೆ ಕೇಳಲಿಲ್ಲ, ಅವಳಿಗೆ ಕೇಳಿತು.
"ನಿಲ್ಲಸು. ಎಲ್ಲೋ ಪಂಕ್ಚರ್ ಅದ."

ಎಂಜಿನ್ ಆರಲಿ ಅಂತ ಸುಟ್ಟ ಗೋವಿನಜೋಳ ತಿಂದೆವು.
ಆಮೇಲೆ ಅವಳು ದಪ್ಪ ಕೊಳವೆಯ ಉದ್ದಕ್ಕೂ ಬೆರಳೆಳೆದಳು,
ಲೆಕ್ಕದ ಪುಸ್ತಕದಲ್ಲಿ ತಪ್ಪು ಹುಡುಕುವ ಹಾಗೆ.
"ಇಲ್ಲಿ ನೋಡು, ಎಣ್ಣಿ ಬೆವತದ."
ಸಡಿಲ ಕ್ಲ್ಯಾಂಪು. ಪರ್ಸಿನಿಂದ ನಾಣ್ಯ ತೆಗೆದು
ತಾನೇ ತಿರುವಿದಳು, ತುಟಿ ಕಚ್ಚಿಕೊಂಡು.
ಮೀಟರು ತೋರಿಸಿದ್ದು ಎಷ್ಟು ಕಡಿಮೆ ಅಂತ ಮಾತ್ರ,
ಎಲ್ಲಿ ಅಂತ ಅಲ್ಲ.

ಮತ್ತೆ ಏರು. ಈ ಸಲ ಸೀಟು ಬೆನ್ನಿಗೆ ಒತ್ತಿತು.
ನನ್ನ ಕಣ್ಣು ಮುಳ್ಳಿನ ಮೇಲೆ, ಎದುರಿಗೆ ಕಬ್ಬಿನ ಲಾರಿ.
"ಏ! ರಸ್ತಾ ನೋಡು ನೀ. ಮುಳ್ಳು ನಾ ನೋಡತೀನಿ."
ನೋಡಿದಳು. ಓದಿದಳು,
ಗಿರಾಕಿಗೆ ಲೆಕ್ಕ ಒಪ್ಪಿಸುವ ದನಿಯಲ್ಲಿ:
ನಾಕು. ಆರು.
ಏಳಾತು.
ಎಂಟು, ಎಂಟು, ಎಂಟರಾಗ ನಿಂತದ
ಹಳೆಯ ಸುರಂಗದ ಬಾಯಿಯ ತನಕ.

ಸೋಮವಾರ, ನಾಶಿಕ್ ಫಾಟಾ, ಕೆಂಪು ದೀಪ.
ಪಕ್ಕದ ಸೀಟು ಖಾಲಿ.
"ಮೈನಸ್ ಆರು," ಅಂದೆ ಜೋರಾಗಿ.
ರಿಕ್ಷಾದವನೊಬ್ಬ ತಿರುಗಿ ನೋಡಿದ.