ಸೊನ್ನೆ, ಮೂವತ್ತೈದು

ಮೋಡೆಮ್ಮು ಸತ್ತದ್ದು ಸಿಡಿಲಿಗಲ್ಲ,
ಹಲ್ಲಿಯ ಮೊಟ್ಟೆಗೆ.
ಬೆಚ್ಚಗಿತ್ತಲ್ಲ ಒಳಗೆ, ಹಗಲೂ ರಾತ್ರಿ ಆರದ ಪುಟ್ಟ ಒಲೆ;
ಗಾಳಿಕಿಂಡಿಯಲ್ಲಿ ತೂರಿ ಇಟ್ಟುಹೋಗಿತ್ತು ಎರಡು,
ಹಸಿರು ಹಲಗೆಯ ಮೇಲೆ, ಕಡಲೆಕಾಳಿನಷ್ಟು.
ಒಂದು ಒಡೆದು ಬೆಸುಗೆಯ ಗೆರೆಗಳ ಮೇಲೆಲ್ಲ ಹರಿದಿತ್ತು.
ಇನ್ನೊಂದು ಹಾಗೇ ಇತ್ತು.

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದು ಆರಡಿ ಅಂಗಡಿ,
ಜಾಬ್ ಟೈಪಿಂಗು, ಜೆರಾಕ್ಸು, ಲ್ಯಾಮಿನೇಷನ್ನು.
ಹಾಲ್ ಟಿಕೆಟ್ಟಿಗೆ ಬಂದಿದ್ದ ಹುಡುಗಿಯರು ಐದಾರು ಜನ
ಪರದೆಯ ಮೇಲೆ ಸುತ್ತುತ್ತಲೇ ಇದ್ದ ಉಂಗುರ ನೋಡಿ ನೋಡಿ
ಒಬ್ಬೊಬ್ಬರೇ ಎದುರಂಗಡಿಗೆ ದಾಟಿದರು,
ನನ್ನ ಮುಖ ನೋಡದೆ.

ಲೈನ್‌ಮನ್ ಮೊಗಣ್ಣ ಬಂದ. ಸೈಕಲ್ಲು ಗೋಡೆಗೊರಗಿಸಿ
ತನ್ನ ಫೋನಿನ ಹಲ್ಲನ್ನು ತಂತಿಗೆ ಕಚ್ಚಿಸಿ ಕಿವಿಗಿಟ್ಟ.
‘ಲೈನು ಜೀವಂತ ಅದೆ ಕನಕ್ಕ, ಜೇನುಹುಳ ಕೂಗ್ದಂಗೆ ಕೂಗ್ತದೆ.
ನಮ್ಮ್ ಆಫೀಸಲ್ಲಿ ಡಬ್ಬ ಇಲ್ಲ, ಬರೋದೂ ಇಲ್ಲ.
ಫೈಬರ್ರು ಸಕ್ಕರೆ ಫ್ಯಾಕ್ಟ್ರಿ ಗಂಟ ಬಂದು ಕುಂತದೆ, ಈ ಕಡೀಕೆ ಏಳಕಿಲ್ಲ.
ಹೊರಗಡೆ ತಗೊ. ಆದ್ರೆ ಯಾವುದಂದ್ರೆ ಅದು ಆಗಕಿಲ್ಲ.
ಎಕ್ಸ್‌ಚೇಂಜಿನ ಮಿಷಿನ್ನು ಹಳೇ ಮುದುಕಿ,
ಎಲ್ಲರ ಮಾತೂ ಅವಳಿಗೆ ತಿಳಿಯಕಿಲ್ಲ.’

ಬೀಡಿಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟ:
ಎ.ಡಿ.ಎಸ್.ಎಲ್. ಟೂ ಪ್ಲಸ್. ಅನೆಕ್ಸ್ ಎ. ಬಿ ಅಲ್ಲ.
ಬೆನ್ನಲ್ಲಿ ಫೋನಿನ ತೂತಿರಬೇಕು, ಸಣ್ಣದು.
ಕೊನೆಗೆ, ಅಡಿಗೆರೆ ಎಳೆದು:
ಸೊನ್ನೆ, ಮೂವತ್ತೈದು.

ಮಾರನೆಯ ದಿನ ಪ್ಯಾಸೆಂಜರ್ ಹತ್ತಿ ಮೈಸೂರಿಗೆ ಹೋದೆ.
ದೊಡ್ಡಂಗಡಿಯ ಹುಡುಗ ನಾಲ್ಕು ಕೊಂಬಿನದೊಂದು ತೋರಿಸಿದ.
ತಿರುಗಿಸಿದೆ. ಐದೂ ಅಗಲದ ತೂತೇ.
ದನದ ಜಾತ್ರೆಯಲ್ಲಿ ಹಲ್ಲು ಎಣಿಸುವವರ ಹಾಗೆ
ಬೆನ್ನು ನೋಡುತ್ತ ನೋಡುತ್ತ ಅಂಗಡಿಯಿಂದ ಅಂಗಡಿಗೆ ನಡೆದೆ.
ಒಂದು ಕಡೆ ಎಲ್ಲ ಸರಿಯಿತ್ತು, ದರವೂ;
ಅಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ: ಬಿ.

ಗಡಿಯಾರದ ಗೋಪುರದ ಹಿಂದೆ, ಛತ್ರಿ ರಿಪೇರಿಯವನ ಪಕ್ಕ
ಅಯಾಜ್ ಪಾಷ ಗೋಣಿಚೀಲ ಬೋರಲು ಹಾಕಿದ.
ಬಿದ್ದವು ಮೂವತ್ತೋ ನಲವತ್ತೋ, ಯಾರ್ಯಾರ ಮನೆಯವೋ,
ಒಂದರ ಮೇಲೆ ಮಗುವಿನ ಚಂದಮಾಮದ ಸ್ಟಿಕರ್ರು,
ಒಂದರ ಮೇಲೆ ಕುಂಕುಮ.
ಕುಂಕುಮದ್ದರ ಬೆನ್ನು ನೋಡಿದೆ. ಎ.
‘ಮುನ್ನೂರೈವತ್ತು. ಓಡದಿದ್ದರೆ ವಾಪಸ್ಸು ತನ್ನಿ.
ಓಡಿದರೆ ಈ ಕಡೆ ಬರಲೇಬೇಡಿ ಮೇಡಂ, ಸಂತೋಷ.’

ರಾತ್ರಿ ಷಟರ್ರು ಅರ್ಧ ಎಳೆದು ಕೂತೆ.
ಮೊದಲ ದೀಪ ಮಿಣುಕಿತು, ನಿಂತಿತು, ಮತ್ತೆ ಮಿಣುಕಿತು;
ಆ ತುದಿಯಲ್ಲಿ ಮುದುಕಿ ವಿಚಾರಿಸುತ್ತಿರಬೇಕು,
ಯಾರು, ಯಾವೂರು, ಯಾರ ಪೈಕಿ.
ಕೊನೆಗೆ ಆ ದೀಪ ಅಲುಗದೆ ನಿಂತಿತು.
ಪಕ್ಕದ್ದು ಹತ್ತಲೇ ಇಲ್ಲ.

ಒಳಹೊಕ್ಕು ನೋಡಿದರೆ: ಒಂದು, ಮೂವತ್ತೆರಡು.
ಬೇರೆ ಕಂಪನಿಯ ತಂತಿಯಲ್ಲಿ ಬಾಳಿದ್ದು ಪಾಪ,
ಹಳೆಯ ಬಾಗಿಲನ್ನೇ ತಟ್ಟುತ್ತಿತ್ತು ಇಷ್ಟು ಹೊತ್ತೂ.
ಅಳಿಸಿದೆ. ಬೀಡಿಯ ವಾಸನೆಯ ಚೀಟಿ ನೋಡಿಕೊಂಡು ಒತ್ತಿದೆ,
ಸೊನ್ನೆ.
ಮೂವತ್ತೈದು.

ಇಡೀ ಗುತ್ತಲು ರಸ್ತೆಯಲ್ಲಿ ಆಗ ಎಚ್ಚರವಿದ್ದದ್ದು
ನಾನು, ಒಂದು ನಾಯಿ, ಮತ್ತು ಎರಡು ಹಸಿರು ದೀಪ.

ವೈಫೈಗೆ ಅವರಿಟ್ಟ ಹೆಸರು ಹಾಗೇ ಇತ್ತು: ‘ಸರಸು ಮಹಡಿ’.
ಬದಲಾಯಿಸಲು ಹೋಗಿ ಕೈ ತೆಗೆದೆ.
ಹೊರಗೆ ಬೋರ್ಡಿನಲ್ಲಿ ನನ್ನ ಹೆಸರಿದೆ, ಸಾಕು.
ಸರಸು ಯಾರೋ, ಮಹಡಿ ಈಗ ಯಾರಿಗೆ ಬಾಡಿಗೆಗೋ;
ಎಂದಾದರೂ ಈ ದಾರಿಯಲ್ಲಿ ಹಾಯುವ ಯಾರದೋ ಜೇಬಿನ ಫೋನು
ಕೇಳದೆ ಗುರುತು ಹಿಡಿದರೆ ಹಿಡಿಯಲಿ.

ಒಡೆಯದ ಆ ಇನ್ನೊಂದನ್ನು
ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ
ಹೊಸದರ ನೆತ್ತಿಯ ಮೇಲೆ ಇಟ್ಟಿದ್ದೇನೆ.
ಈ ಬಿಸಿ ಅದಕ್ಕೆ ಹೊಂದುತ್ತದೋ ಇಲ್ಲವೋ,
ಮೊಗಣ್ಣನನ್ನು ಕೇಳಿದೆ.
ತಲೆ ಕೆರೆದುಕೊಂಡ.